ತಳದಲ್ಲಿ ಹೆಸರಿದ್ದ ಪಾತ್ರೆಗಳು

ಆರ್ಬಿ ಟಗ್ವೆಲ್ ಮಾಡಿದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಹ್ಯಾಚರ್ ಕೌಂಟಿಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ನಾನು ಆರ್ಬಿಯ ಪಕ್ಷ. ಮೂವತ್ತೊಂದು ವರ್ಷ ಈ ಕೌಂಟಿಯ ಕೆಮ್ಮಣ್ಣಿನ ರಸ್ತೆಗಳಲ್ಲಿ ಟಪಾಲು ಹಂಚಿದವನಾದ್ದರಿಂದ ನನ್ನ ಮಾತಿಗೆ ಒಂದಿಷ್ಟು ತೂಕವಿದೆ ಎಂದು ನಾನು ಭಾವಿಸಿದ್ದೇನೆ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ.

ನಮ್ಮ ಕಡೆ ಯಾರ ಮನೆಯಲ್ಲಿ ಸಾವಾದರೂ ಸುದ್ದಿ ತಲುಪಿದ ಗಂಟೆಯೊಳಗೆ ಅಡುಗೆ ಹೊರಡುತ್ತದೆ. ಕೋಳಿ, ಹಂದಿತೊಡೆ, ಗೆಣಸಿನ ಕಡುಬು, ಜೋಳದ ರೊಟ್ಟಿ. ಪ್ರತಿ ಪಾತ್ರೆಯ ತಳಕ್ಕೂ ಒಂದು ತುಂಡು ಟೇಪು, ಟೇಪಿನ ಮೇಲೆ ಮನೆತನದ ಹೆಸರು. ಅಳು ಮುಗಿದ ಮೇಲೆ ಪಾತ್ರೆ ತೊಳೆದು, ಖಾಲಿ ಕೊಡದೆ ಒಳಗೊಂದಿಷ್ಟು ಏನಾದರೂ ಹಾಕಿ, ಅವರವರ ಮನೆಗೆ ಮುಟ್ಟಿಸಬೇಕು. ಮುಟ್ಟಿಸದವರನ್ನು ದೇವರು ಕ್ಷಮಿಸಬಹುದು, ಹ್ಯಾಚರ್ ಕೌಂಟಿ ಕ್ಷಮಿಸುವುದಿಲ್ಲ. ನನ್ನ ದೊಡ್ಡಮ್ಮ ಯಾವ ಕಾಲದಲ್ಲೋ ಸ್ಟಬ್ಸ್ ಮನೆಯವರ ಬೋಗುಣಿಯೊಂದನ್ನು ಇಟ್ಟುಕೊಂಡಿದ್ದಳಂತೆ. ಆ ಮನೆಯವರು ನನ್ನನ್ನು ಕಂಡರೆ ಈಗಲೂ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ಆರ್ಬಿಯ ಹೆಂಡತಿ ಲವೋನಿಯಾ ನಮ್ಮ ಕೌಂಟಿಯ ಚರಿತ್ರೆ ಬರೆಯುತ್ತಿದ್ದಳು. ಯಾರೂ ಬರೆಯೆಂದು ಕೇಳಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು, ನಲವತ್ತು ವರ್ಷ ಮನೆಮನೆಗೆ ಹೋಗಿ, ಮುದುಕರ ಮಂಚದ ಪಕ್ಕ ಕೂತು, ಯಾವ ಸೇತುವೆ ಯಾವ ಪ್ರವಾಹಕ್ಕೆ ಕೊಚ್ಚಿಹೋಯಿತು, ಹತ್ತಿ ಗಿರಣಿಗೆ ಬೆಂಕಿ ಬಿದ್ದ ದಿನ ಯಾರು ಎಲ್ಲಿದ್ದರು, ಯಾರ ಅಜ್ಜ ಯಾರ ಹೇಸರಗತ್ತೆ ಹೊಡೆದುಕೊಂಡು ಹೋದ ಎಂದೆಲ್ಲ ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದಳು.

ಆರ್ಬಿ ಕೌಂಟಿಯ ರಸ್ತೆ ಸಮಮಾಡುವ ಯಂತ್ರ ಓಡಿಸುತ್ತಿದ್ದವನು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಜಾತಿ. ಒಮ್ಮೆ ಅಂಗಡಿ ಮುಂದೆ ನಿಂತಿದ್ದ ಬೇರೆಯವರ ಟ್ರಕ್ಕು ಹತ್ತಿ ಮನೆಗೆ ಹೋಗಿ, ಅದರಲ್ಲಿದ್ದ ನಾಯಿಗೆ ಊಟ ಹಾಕಿ, ಮರುದಿನ ಶೆರಿಫ್ ಬರುವವರೆಗೂ ಏನೂ ಗೊತ್ತಾಗದೆ ಇದ್ದವನು. ಶನಿವಾರ ಬಂತೆಂದರೆ ಲವೋನಿಯಾಳನ್ನು ಯಾವುದಾದರೂ ಹಳೆಯ ಸ್ಮಶಾನಕ್ಕೆ ಕರೆದೊಯ್ಯುತ್ತಿದ್ದ. ಅವಳು ಕಲ್ಲುಗಳ ಮೇಲಿನ ಹೆಸರು ಬರೆದುಕೊಳ್ಳುವಷ್ಟು ಹೊತ್ತೂ ಟ್ರಕ್ಕಿನಲ್ಲಿ ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿರುತ್ತಿದ್ದ.

“ಏನ್ ಬರೀತಾಳೋ ನಿನ್ ಹೆಂಡ್ತಿ, ಅಷ್ಟೊಂದು?” ಎಂದು ನಾನೊಮ್ಮೆ ಕೇಳಿದೆ.

“ನಂಗೇನ್ ಗೊತ್ತು. ನಾನು ಕೇಳಿಲ್ಲ,” ಎಂದ.

ಅಕ್ಟೋಬರಿನ ಒಂದು ಮಧ್ಯಾಹ್ನ ಲವೋನಿಯಾ ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದವಳು ಹಾಗೆಯೇ ಪಕ್ಕಕ್ಕೆ ಒರಗಿದಳು. ಅರ್ಧ ಬಿಡಿಸಿದ ಕಾಳು ಮಡಿಲಲ್ಲೇ ಇತ್ತು. ಆರ್ಬಿ ಅದನ್ನು ಒಂದು ಲೋಟಕ್ಕೆ ಹಾಕಿ ಕಿಟಕಿಯಲ್ಲಿಟ್ಟ. ಅದು ಈಗಲೂ ಅಲ್ಲೇ ಇದೆ.

ಮಣ್ಣು ಮಾಡಿದ ನಾಲ್ಕನೇ ದಿನ ನಾನು ಟಪಾಲು ತಂದಾಗ ಆರ್ಬಿ ಅಂಚೆಪೆಟ್ಟಿಗೆಯ ಹತ್ತಿರ ಕಾಯುತ್ತಿದ್ದ. ಕಣ್ಣು ಊದಿಕೊಂಡಿತ್ತು. ಆದರೆ ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿತ್ತು.

“ಡ್ಯೂಯಿ, ನೂರಾ ಅರವತ್ಮೂರು ಪಾತ್ರೆ ಕಣೋ!”

“ಏನಂದೆ?”

“ಹಿಂದಿನ ಕೋಣೇಲಿ. ಮೋಝೆಲ್ ಎಲ್ಲಾ ಅಲ್ಲಿ ಜೋಡಿಸಿಟ್ಟು ಹೋಗಿದಾಳೆ. ನೂರಾ ಅರವತ್ಮೂರು ಮನೆಯವರು ಅವಳಿಗೋಸ್ಕರ ಅಡುಗೆ ಹೊತ್ಕೊಂಡು ಬಂದಿದಾರೆ. ನಂಗೆ ಒಬ್ರ ಮುಖಾನೂ ನೆನಪಿಲ್ವಲ್ಲೋ.”

ಮೋಝೆಲ್ ಎಂದರೆ ಲವೋನಿಯಾಳ ತಂಗಿ. ಅವಳು ತೊಳೆದಿಟ್ಟದ್ದು ನಲವತ್ತು ಪಾತ್ರೆ ಇದ್ದಿರಬಹುದು. ಒಂದು ಸಾವಿಗೆ ನೂರಾ ಅರವತ್ತಮೂರು ಪಾತ್ರೆ ರಾಜ್ಯಪಾಲರು ಸತ್ತರೂ ಬರುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ಹೆಂಡತಿಯನ್ನು ಕಳಕೊಂಡವನು ಎದುರಿಗೆ ನಿಂತು, ಅವಳನ್ನು ಇಷ್ಟು ಜನ ಹಚ್ಚಿಕೊಂಡಿದ್ದರೆಂದು ಕಣ್ಣೀರು ಒರೆಸಿಕೊಳ್ಳುತ್ತಿರುವಾಗ ಲೆಕ್ಕ ಹಾಕುವುದು ಯಾರಿಂದಾದೀತು?

“ಮೋಝೆಲ್ ಮಾತ್ರ ಒಂದ್ ಎಡವಟ್ಟು ಮಾಡಿದಾಳೆ,” ಎಂದ ಆರ್ಬಿ. “ಕೋಣೆ ಚೊಕ್ಕ ಮಾಡೋ ಭರದಲ್ಲಿ ಲವೋನಿಯಾ ಕಾಗದಾನೆಲ್ಲ ಸಿಕ್ಕ ಸಿಕ್ಕ ಪಾತ್ರೆಗೆ ತುರುಕಿಬಿಟ್ಟಿದಾಳೆ. ಎಲ್ಲಾ ತೆಗೆದು ಪೀಚ್ ಹಣ್ಣಿನ ಪೆಟ್ಟಿಗೆಗೆ ಹಾಕ್ದೆ. ದೊಡ್ಡ ಕಾಗದ ಕೆಳಗೆ, ಚಿಕ್ಕದು ಮೇಲೆ. ಅಂಚು ಒಂಚೂರೂ ಆಚೀಚೆ ಆಗ್ದಂಗೆ. ಅವಳು ನೋಡಿದ್ರೆ ಖುಷಿ ಪಡ್ತಿದ್ಲು.”

ಆರ್ಬಿಗೆ ಅಡುಗೆ ಬಾರದು. ಮನೆಯಲ್ಲಿ ಕೂರುವುದೂ ಬಾರದಾಗಿತ್ತು. ಪಾತ್ರೆ ಹಿಂದಿರುಗಿಸುವುದೊಂದು ಬರುತ್ತಿತ್ತು. ಹಿತ್ತಲಿನ ಪೆಕಾನ್ ಮರದ ಬೀಜಗಳನ್ನು ಪ್ರತಿ ಪಾತ್ರೆಗೂ ಮೂರು ಹಿಡಿಯಂತೆ ಹಾಕಿ, ಟ್ರಕ್ಕಿಗೆ ತುಂಬಿಕೊಂಡು, ಕೌಂಟಿಯ ಮೂಲೆಮೂಲೆಗೂ ಹೊರಟ.

ಮೊದಲ ಅನಾಹುತ ಅರ್ಡೆಲ್ ಸ್ಟಬ್ಸ್ ಮನೆಯಲ್ಲಿ ಆಯಿತು. ಅರ್ಡೆಲ್ ಪಾತ್ರೆಯ ತಳ ನೋಡಿದಳು, ಪೆಕಾನ್ ನೋಡಿದಳು, ಆರ್ಬಿಯ ಮುಖ ನೋಡಿದಳು. ವಿಧುರನ ಮುಂದೆ ಜಗಳ ಆಡಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಆದ್ದರಿಂದ “ಸಂತೋಷ ಆರ್ಬಿಯಣ್ಣ” ಎಂದು ಒಳಗೆ ಕರೆದು ಕಾಫಿ ಕೊಟ್ಟು, ಅವನ ಟ್ರಕ್ಕು ತಿರುವು ದಾಟಿದೊಡನೆ ಫೋನು ಹಿಡಿದಳು.

“ಇಪ್ಪತ್ತೆರಡು ವರ್ಷದ ಹಿಂದೆ ಈ ಪಾತ್ರೇನ ನನ್ ಕೈಯಾರೆ ಲವೋನಿಯಾಗೆ ಕೊಟ್ಟಿದ್ದೆ! ಒಂದೊಂದ್ ಮನೆಯಿಂದ ಒಂದೊಂದ್ ಪಾತ್ರೆ ಈಸ್ಕೊಂಡು, ಅವರ ಮನೆ ಕಥೆ ಬರೆದು ಅದರೊಳಗೇ ಇಟ್ಕೋತಿದ್ಲು. ಈಗ ನಮ್ಮದನ್ನ ವಾಪಸ್ ಕಳ್ಸಿದಾಳೆ. ಚರಿತ್ರೆಗೆ ಸ್ಟಬ್ಸ್ ಮನೆತನ ಬೇಡ್ವಂತೆ! ಪ್ರವಾಹದಲ್ಲಿ ಹನ್ನೊಂದು ಜೀವ ಉಳಿಸಿದ ಮನೆಗೆ ಮೂರು ಹಿಡಿ ಪೆಕಾನ್!”

ಸಂಜೆಯೊಳಗೆ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿತು. ಲವೋನಿಯಾ ಸಾಯುವ ಮೊದಲು ಒಂದು ಪಟ್ಟಿ ಮಾಡಿದ್ದಳಂತೆ, ಯೋಗ್ಯತೆ ಇಲ್ಲದವರನ್ನು ಚರಿತ್ರೆಯಿಂದ ತೆಗೆದುಹಾಕಿದ್ದಳಂತೆ. ಪಾತ್ರೆ ಬಂದವರು ಮುಖ ಗಂಟಿಕ್ಕಿಕೊಂಡರು. ಪಾತ್ರೆ ಇನ್ನೂ ಬರದವರು ಗತ್ತಿನಿಂದ ಓಡಾಡಿ, ಎರಡು ದಿನ ಬಿಟ್ಟು ತಮ್ಮ ಬಾಗಿಲಲ್ಲೂ ಆರ್ಬಿಯನ್ನು ಕಂಡು ಸಪ್ಪಗಾದರು.

ಎರಡನೆಯ ಅನಾಹುತ ಮುದಿ ಜಡ್ಜ್ ಥರ್ಮನ್ ಗ್ಯಾಡಿಸ್ ಅವರ ಮನೆಯಲ್ಲಿ. ಪಾತ್ರೆ ನೋಡುತ್ತಲೇ ಅವರ ಮುಖ ಬಿಳಿಚಿಕೊಂಡಿತು.

“ಆರ್ಬಿ, ಇದರೊಳಗೆ ಇದ್ದದ್ದು?”

“ತೆಗೆದಿಟ್ಟಿದೀನಿ ಸಾಹೇಬ್ರೆ. ಜೋಪಾನವಾಗಿದೆ. ನೀವೇನೂ ಯೋಚ್ನೆ ಮಾಡ್ಬೇಡಿ.”

“ಎಲ್ಲಿ?”

“ನನ್ ಮಂಚದ ಕೆಳಗೆ.”

“ನಿನಗೆ ಏನು ಬೇಕಪ್ಪಾ?”

“ನಂಗೇನ್ ಬೇಕು ಸಾಹೇಬ್ರೆ. ಎಲ್ಲರದ್ದೂ ಅವರವರಿಗೆ ಮುಟ್ಟಿಸಿಬಿಟ್ರೆ ನಂಗೆ ನೆಮ್ಮದಿ.”

ಒಬ್ಬ ನ್ಯಾಯಾಧೀಶರನ್ನು ಇದಕ್ಕಿಂತ ಚೆನ್ನಾಗಿ ಹೆದರಿಸುವುದು ಬೆದರಿಸಿ ದುಡ್ಡು ಕೀಳುವುದನ್ನೇ ಕಸುಬು ಮಾಡಿಕೊಂಡವರಿಗೂ ಸಾಧ್ಯವಿಲ್ಲ. ಮರುದಿನವೇ ಜಡ್ಜ್ ಮನೆಯಿಂದ ಹದಿನೆಂಟು ಪೌಂಡಿನ ಹಂದಿತೊಡೆ ಬಂತು. ಅದರ ಹಿಂದೆ, ಲವೋನಿಯಾಳ ಕಿವಿಯಲ್ಲಿ ಏನೇನೋ ಹೇಳಿಕೊಂಡಿದ್ದ ಇನ್ನಷ್ಟು ಮನೆಗಳಿಂದ ಸಾಸೇಜು, ಜೇನು, ಹೊಗೆಗಿಟ್ಟ ಮೀನು. ಎಲ್ಲವೂ ಪಾತ್ರೆಗಳಲ್ಲಿ, ತಳದಲ್ಲಿ ಹೆಸರು. ಆರ್ಬಿ ಮತ್ತೆ ತೊಳೆದ, ಮತ್ತೆ ಪೆಕಾನ್ ತುಂಬಿದ, ಮತ್ತೆ ಹೊರಟ. ಎರಡನೆಯ ಸಲ ತಮ್ಮ ಬಾಗಿಲಲ್ಲಿ ಅವನನ್ನು ಕಂಡ ಜಡ್ಜ್, “ಹಂದಿತೊಡೆ ಸಾಲಲಿಲ್ವೇ?” ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ.

ಸ್ವೀಟ್‌ಗಮ್ ಹಳ್ಳದ ಆಚೆ, ಕಪ್ಪು ಜನರ ಚರ್ಚಿನ ಪಕ್ಕದ ಮನೆಯ ಓಝೆಲಾ ಬ್ಯಾಟಲ್ ಒಬ್ಬಳೇ ಗಾಬರಿಯಾಗಲಿಲ್ಲ. ಎಂಬತ್ತು ದಾಟಿದ ಹೆಂಗಸು. ಆರ್ಬಿಯನ್ನು ಕೂರಿಸಿ ಬಡಿಸಿದಳು.

“ಲವೋನಿಯಾ ಇದನ್ನ ವಾಪಸ್ ಕೊಡು ಅಂದ್ಲೇನಪ್ಪಾ?”

“ಏನೂ ಹೇಳೋಕೆ ಟೈಮೇ ಸಿಗ್ಲಿಲ್ಲಮ್ಮ ಅವಳಿಗೆ.”

“ಹಂಗಾದ್ರೆ ಇರ್ಲಿ ಬಿಡು. ಇದು ಇಲ್ಲೇ ಇರ್ತದೆ. ಬೇಕಾದಾಗ ಬಾ,” ಎಂದು ಪಾತ್ರೆಯನ್ನು ಕಪಾಟಿನ ಮೇಲಿನ ಖಾನೆಯಲ್ಲಿಟ್ಟಳು. ಪೆಕಾನ್ ಮುಟ್ಟಲಿಲ್ಲ.

ಕೊನೆಗೊಂದು ಪಾತ್ರೆ ಉಳಿಯಿತು. ನೀಲಿ ಅಂಚಿನ ಬೋಗುಣಿ, ತಳದಲ್ಲಿ ಟೇಪೂ ಇಲ್ಲ, ಹೆಸರೂ ಇಲ್ಲ. ಆರ್ಬಿ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. “ಯಾರ್ದು ಅಂತ ಗೊತ್ತಾಗ್ತಿಲ್ಲ ಡ್ಯೂಯಿ. ನಿಮ್ಮನೇದಾ?” ನಾನು ಹೌದೆಂದೆ. ಒಳ್ಳೆಯ ಬೋಗುಣಿ, ಪೆಕಾನ್ ಬೇರೆ ತುಂಬಿತ್ತು. ದೊಡ್ಡಮ್ಮನ ರಕ್ತ ನನ್ನಲ್ಲೂ ಹರಿಯುತ್ತಿದೆ ಎಂಬುದನ್ನು ಬಿಟ್ಟರೆ ಬೇರೆ ಸಮಜಾಯಿಷಿ ನನ್ನಲ್ಲಿಲ್ಲ.

ಅದಾದ ಮೂರನೆಯ ದಿನ ವಿಶ್ವವಿದ್ಯಾಲಯದಿಂದ ಮಿಸ್ ಕೀಟಿಂಗ್ ಎಂಬವಳು ದೊಡ್ಡ ವ್ಯಾನು ತಂದಳು. ಹಳೆಯ ಕಾಗದಪತ್ರ ಕಾಪಾಡುವುದು ಅವಳ ಕೆಲಸ. ಲವೋನಿಯಾ ತನ್ನ ಕಾಗದಗಳನ್ನೆಲ್ಲ ಅವರಿಗೆ ಕೊಡುವುದಾಗಿ ಬೇಸಿಗೆಯಲ್ಲೇ ಪತ್ರ ಬರೆದಿದ್ದಳಂತೆ. ನಾನೂ ಮೋಝೆಲ್‌ಳೂ ಅಲ್ಲೇ ಇದ್ದೆವು. ಮಿಸ್ ಕೀಟಿಂಗ್ ಪತ್ರ ಓದಿದಳು.

“‘ಪಾತ್ರೆಗಳನ್ನು ಅಲುಗಿಸದೆ ಹಾಗೇ ತೆಗೆದುಕೊಂಡು ಹೋಗಬೇಕು. ಚೀಟಿಗಳಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಹಾಗೆಂದು ಮಾತು ಕೊಟ್ಟಿದ್ದರಿಂದಲೇ ಜನ ನನಗೆ ನಿಜ ಹೇಳಿದ್ದು. ಹೆಸರು ಪಾತ್ರೆಯ ತಳದಲ್ಲಿದೆ. ಹೇಳಿದವರು ಸತ್ತ ಮೇಲೆ ತಿರುಗಿಸಿ ನೋಡಿ.’ ಪಾತ್ರೆಗಳು ಎಲ್ಲಿವೆ ಸಾರ್?”

ಆರ್ಬಿ ಪೀಚ್ ಪೆಟ್ಟಿಗೆಗಳ ಕಡೆ ನೋಡಿದ. ಎಲ್ಲ ಚೀಟಿಯೂ ಲವೋನಿಯಾಳೊಬ್ಬಳದೇ ಕೈಬರಹ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ.

“ಅಯ್ಯೋ ಭಾವ, ನಾನು ಆ ಕೋಣೆ ಕಾಗದಾನ ಬೆರಳಲ್ಲೂ ಮುಟ್ಟಿಲ್ಲ!” ಎಂದಳು ಮೋಝೆಲ್.

ಆರ್ಬಿ ಒಂದು ಪೆಟ್ಟಿಗೆಯ ಮೇಲೆ ಕುಸಿದು ಕೂತ. ನನ್ನ ಕಡೆ ತಿರುಗಿದ. “ನಲವತ್ ವರ್ಷ ಅವಳು ಕಟ್ಟಿದ್ದನ್ನ ಹನ್ನೊಂದ್ ದಿನದಲ್ಲಿ ತೊಳೆದುಬಿಟ್ಟೆ ಡ್ಯೂಯಿ. ಸೋಪ್ ಹಾಕಿ ತೊಳೆದೆ.”

ನನಗೂ ಅಳು ಬಂತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮಿಸ್ ಕೀಟಿಂಗ್ ಒಳ್ಳೆಯವಳು, ಆದರೆ ಅವಳ ಮೇಲಿನವರು ಕಾನೂನಿನವರು. ಯಾರು ಹೇಳಿದ್ದೆಂದು ಗೊತ್ತಿಲ್ಲದ ಕಾಗದ ಅವರ ಪ್ರಕಾರ ಚರಿತ್ರೆಯಲ್ಲ, ಊರ ಹರಟೆ. ಎರಡು ವಾರದೊಳಗೆ ಯಾವ ಚೀಟಿ ಯಾವ ಪಾತ್ರೆಯದೆಂದು ತಿಳಿಯದಿದ್ದರೆ ಒಯ್ಯಲಾಗುವುದಿಲ್ಲ ಎಂದಳು.

ಇದ್ದದ್ದು ಒಂದೇ ದಾರಿ. ನಾನು ಪ್ರತಿ ಅಂಚೆಪೆಟ್ಟಿಗೆಗೂ ಆರ್ಬಿಯ ಕರೆಯೋಲೆಯೊಂದನ್ನು ಹಾಕಿದೆ. ಅಂಚೆಚೀಟಿ ಅಂಟಿಸದೆ ಪೆಟ್ಟಿಗೆಗೆ ಏನು ಹಾಕಿದರೂ ಅಪರಾಧ. ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ನಾನು ನೂರಾ ಅರವತ್ತೆರಡು ಅಪರಾಧ ಮಾಡಿದೆ. ‘ಭಾನುವಾರ ಮಧ್ಯಾಹ್ನ ಚರ್ಚಿನ ಊಟದ ಹಾಲ್‌ಗೆ ಬನ್ನಿ. ಪಾತ್ರೆ ತನ್ನಿ. ನಿಮ್ಮ ಮಾತನ್ನು ನೀವೇ ಗುರುತಿಸಿ. ತಪ್ಪು ಲವೋನಿಯಾಳದಲ್ಲ, ನನ್ನದು. ಆರ್ಬಿ.’

ಎಲ್ಲರೂ ಬಂದರು. ಖಾಲಿ ಪಾತ್ರೆ ತರುವುದು ಅವಮಾನವಾದ್ದರಿಂದ ಎಲ್ಲರೂ ಅಡುಗೆ ತುಂಬಿಕೊಂಡೇ ಬಂದರು. ಓಝೆಲಾ ತನ್ನ ಕಡೆಯ ಇಪ್ಪತ್ತು ಮನೆಯವರನ್ನು ಕರೆತಂದಳು. ಹಳ್ಳದ ಆಚೆಯವರು ಈಚೆಯವರ ಚರ್ಚಿನಲ್ಲಿ ಊಟದ ಮೇಜಿಗೆ ಕೂತದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆರ್ಬಿ ವೇದಿಕೆಯ ಮೇಲೆ ನಿಂತು ಚೀಟಿ ಓದತೊಡಗಿದ. ಮೊದಲನೆಯದು, ಹಸಿದ ಕಾಲದಲ್ಲಿ ತನ್ನ ಪಾಲಿನ ಹಿಟ್ಟನ್ನು ನೆರೆಮನೆಗೆ ಹಂಚಿದ ಅಜ್ಜಿಯ ಕಥೆ. ಆರು ಜನ ಒಟ್ಟಿಗೇ ಎದ್ದು “ಅದು ನಮ್ಮಜ್ಜಿ!” ಎಂದರು. ಎರಡನೆಯದು, ನೆರೆಮನೆಯವರ ಹೇಸರಗತ್ತೆ ಕದ್ದು ಬಣ್ಣ ಬಳಿದು ಅವರಿಗೇ ಮಾರಿದ ಅಜ್ಜನದು. ಎಲ್ಲರೂ ಚಾವಣಿ ನೋಡಿದರು.

“ಯಾರೂ ಇಲ್ವಾ?” ಎಂದ ಆರ್ಬಿ.

“ಹಂಗಾದ್ರೆ ಆ ಕತ್ತೆ ತಾನೇ ಬಣ್ಣ ಬಳ್ಕೊಂಡು ಬಂತೇನ್ರೋ?” ಎಂದು ಹಿಂದಿನಿಂದ ಯಾರೋ ಕೂಗಿದರು.

ಹೀಗೆ ಒಂದು ಗಂಟೆ ಕಳೆಯಿತು. ಒಳ್ಳೆಯದಕ್ಕೆ ಹಕ್ಕುದಾರರು ಹೆಚ್ಚಾಗಿ ಜಗಳ, ಕೆಟ್ಟದ್ದಕ್ಕೆ ದಿಕ್ಕೇ ಇಲ್ಲ. ಮಿಸ್ ಕೀಟಿಂಗ್ ಪೆನ್ನು ಕೆಳಗಿಟ್ಟಳು. ಆರ್ಬಿ ಮತ್ತೊಂದು ಚೀಟಿ ಎತ್ತಿದ.

“‘ಕೌಂಟಿಯ ಭೂದಾಖಲೆ ಪುಸ್ತಕ ಸುಟ್ಟುಹೋದ ದಿನ ನನಗೆ ಒಂಬತ್ತು ವರ್ಷ. ಅಪ್ಪ ಮನೆಗೆ ಬಂದಾಗ ಕೋಟಿನಲ್ಲಿ ಹೊಗೆಯ ವಾಸನೆ. ಆ ವರ್ಷವೇ ಹಳ್ಳದ ಪಕ್ಕದ ನಲವತ್ತು ಎಕರೆ ನಮ್ಮದಾಯಿತು. ಅಲ್ಲಿದ್ದವರನ್ನು ಎಬ್ಬಿಸಿದಾಗ ನಾನು ಗಾಡಿಯಲ್ಲಿ ಕೂತು ನೋಡುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ.’”

ಓಝೆಲಾ ಕೋಲೂರಿ ಎದ್ದಳು.

“ಆ ನಲವತ್ತೆಕರೆ ಕಥೆ ಇನ್ನೊಂದ್ ಚೀಟೀಲೂ ಇರ್ತದೆ, ಹುಡುಕು. ಅದು ನಂದು. ಎಬ್ಬಿಸಿದ್ದು ನಮ್ಮನ್ನ. ನಮ್ಮಪ್ಪ ಒಲೆ ಮೇಲಿದ್ದ ಪಾತ್ರೇನೂ ಹೊತ್ಕೊಂಡು ನಡೆದ. ಈ ಪಾತ್ರೇನೇ.” ಅವಳು ಅದನ್ನು ಮೇಜಿನ ಮೇಲಿಟ್ಟಳು. “ನನ್ನ ಹೆಸರು ಈಗ್ಲೇ ಬರ್ಕೊಳ್ಳವ್ವಾ. ನಾನು ಸಾಯೋತನಕ ಕಾಯ್ಬೇಡ. ಆ ಕೋಟು ಮೂಸಿದ ಹುಡುಗ ಯಾರೂಂತ ಮಾತ್ರ ತಿಳ್ಕೊಂಡು ಹೋಗಣ ಅಂತ ಬಂದೆ.”

ಜಡ್ಜ್ ಗ್ಯಾಡಿಸ್ ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ತಮ್ಮ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಓಝೆಲಾಳ ಪಾತ್ರೆಯ ಪಕ್ಕದಲ್ಲಿಟ್ಟರು. “ನಾನು, ಓಝೆಲಾ,” ಎಂದರು. ಅವಳು ಅವರನ್ನು ಕ್ಷಮಿಸಲಿಲ್ಲ, ಬೈಯಲೂ ಇಲ್ಲ. “ಗೊತ್ತಿತ್ತು. ನಿಮ್ ಬಾಯಲ್ಲಿ ಕೇಳ್ಬೇಕಿತ್ತು,” ಎಂದು ಕೂತಳು. ಆ ನಲವತ್ತು ಎಕರೆ ಈಗ ಯಾರ ಹೆಸರಿನಲ್ಲಿದೆ ಎಂಬುದು ವಕೀಲರ ಕೈಯಲ್ಲಿರುವ ವಿಷಯ, ನಾನು ಬಾಯಿ ಹಾಕುವುದಿಲ್ಲ.

ಆಮೇಲೆ ಅರ್ಡೆಲ್ ಸ್ಟಬ್ಸ್ ಎದ್ದಳು. “ಆ ಪ್ರವಾಹದ ಚೀಟಿ ನಮ್ಮದು. ಹನ್ನೊಂದು ಜೀವ ಅಂತ ಇರ್ಬೇಕು ಅದರಲ್ಲಿ. ಜನ ನಾಲ್ಕೇ. ಮಿಕ್ಕ ಏಳು ಕೋಳಿ. ಲವೋನಿಯಾಗೆ ನಿಜ ಹೇಳಿದ್ದೆ.” ಅವಳು ನನ್ನ ಕಡೆ ತಿರುಗಿ, “ನೀನು ನಗ್ಬೇಡ. ಬೋಗುಣಿ ಕಳ್ಳರ ವಂಶ,” ಎಂದಳು. ಕತ್ತೆಗೂ ವಾರಸುದಾರ ಸಿಕ್ಕಿದ. ಹೊತ್ತು ಮುಳುಗುವ ಹೊತ್ತಿಗೆ ಪೆಟ್ಟಿಗೆಗಳೆಲ್ಲ ಬರಿದಾಗಿ ಒಂದೇ ಒಂದು ಚೀಟಿ ಉಳಿದಿತ್ತು.

ಆರ್ಬಿ ಹಗುರಾಗಿದ್ದ. ನಗುನಗುತ್ತಲೇ ಓದಿದ.

“‘ಈ ಮನೆಯಲ್ಲಿ ಒಬ್ಬನಿದ್ದಾನೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ನನ್ನನ್ನು ಬೈಯುತ್ತ ಹುಡುಕುತ್ತಾನೆ. ಬೇರೆಯವರ ಟ್ರಕ್ಕು ಮನೆಗೆ ತಂದಿದ್ದಾನೆ.’” ಅವನು ತಲೆಯೆತ್ತಿದ. “ಓಹೋ, ನನ್ ಥರದವನೇ ಇನ್ನೊಬ್ಬ ಇದಾನೆ! ಯಾರ್ರೋ ಅದು? ನಾಚ್ಕೋಬೇಡಿ, ಪಾತ್ರೆ ತನ್ನಿ.”

ಯಾರೂ ನಗಲಿಲ್ಲ. ಮೋಝೆಲ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಆರ್ಬಿ ಮುಂದೆ ಓದಿದ.

“‘ಶನಿವಾರ ನನ್ನನ್ನು ಸ್ಮಶಾನಕ್ಕೆ ಕರೆದೊಯ್ದು, ಟೋಪಿ ಮುಚ್ಚಿಕೊಂಡು ನಿದ್ದೆ ಬಂದಂತೆ ಮಲಗುತ್ತಾನೆ. ಕಾಡು ಬಿದ್ದ ಎಂಥ ಸ್ಮಶಾನಕ್ಕೆ ಹೋದರೂ ನಾನು ಓದಬೇಕಾದ ಕಲ್ಲುಗಳ ಸುತ್ತ ಹುಲ್ಲು ಸವರಿರುತ್ತದೆ. ಗುರುವಾರ ಕೆಲಸ ಬಿಟ್ಟು ಬರುವಾಗ ಹೋಗಿ ಕತ್ತರಿಸುತ್ತಾನೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ. ಬೂಟಿನಲ್ಲಿ ಹುಲ್ಲು...’”

ಅವನು ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಮುಂದಿನದನ್ನು ಅವನು ಓದಿದ್ದು ನಮಗೆಲ್ಲ ಕಷ್ಟದಿಂದ ಕೇಳಿಸಿತು.

“‘ಬೂಟಿನಲ್ಲಿ ಹುಲ್ಲು ಮೆತ್ತಿರುತ್ತದೆ. ನಲವತ್ತು ವರ್ಷದಿಂದ ನಾನು, ಈ ಕಡೆಯ ಸ್ಮಶಾನಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ಎನ್ನುತ್ತೇನೆ. ಅವನು ಹೂಂ ಎನ್ನುತ್ತಾನೆ. ಗೊತ್ತೆಂದು ಹೇಳಿದರೆ ನಾಚಿಕೊಂಡು ನಿಲ್ಲಿಸಿಬಿಡುತ್ತಾನೆ. ಏನು ಬರೆಯುತ್ತೀಯ ಎಂದು ಅವನು ಒಂದು ಸಲವೂ ಕೇಳಿಲ್ಲ. ಕೇಳಿದ್ದರೆ ಇದನ್ನೇ ಮೊದಲು ಓದುತ್ತಿದ್ದೆ.’”

ಆರ್ಬಿ ಚೀಟಿಯನ್ನು ಮಡಚಲು ನೋಡಿದ, ಆಗಲಿಲ್ಲ. ಎಲ್ಲರ ಮುಂದೆ ಚಿಕ್ಕ ಮಗುವಿನ ಹಾಗೆ ಅತ್ತ. “ಕೇಳ್ಬಹುದಿತ್ತಲ್ಲೋ,” ಎಂದ. “ಒಂದ್ ಸಲ ಕೇಳ್ಬಹುದಿತ್ತು.”

ಮಿಸ್ ಕೀಟಿಂಗ್ ಮೆಲ್ಲಗೆ, “ಇದರ ಪಾತ್ರೆ?” ಎಂದಳು.

ಅಷ್ಟು ಹೊತ್ತಿಗಾಗಲೇ ನಾನು ಬಾಗಿಲು ದಾಟಿ ನಮ್ಮ ಮನೆಯ ಕಡೆ ಓಡುತ್ತಿದ್ದೆ. ತನ್ನ ಮನೆಯ ಪಾತ್ರೆಯ ತಳಕ್ಕೆ ಯಾರೂ ಹೆಸರು ಅಂಟಿಸುವುದಿಲ್ಲ ಎಂಬುದು ನನ್ನಂಥವನಿಗೆ ಅಷ್ಟು ತಡವಾಗಿ ಹೊಳೆಯಿತು. ಆ ನೀಲಿ ಅಂಚಿನ ಬೋಗುಣಿಯಲ್ಲಿ ನಮ್ಮ ಬೆಕ್ಕು ಹಾಲು ಕುಡಿಯುತ್ತಿತ್ತು. ತೊಳೆದು ಒರೆಸಿ, ತಿನ್ನದೆ ಉಳಿದಿದ್ದ ಪೆಕಾನ್ ಹಾಕಿ ತಂದೆ. ಇಡೀ ಕೌಂಟಿಯ ಎದುರಿಗೆ, “ಇದು ನಿಮ್ಮನೇದು. ನಾನು ಸುಳ್ಳು ಹೇಳಿದ್ದೆ,” ಎಂದೆ. ಅರ್ಡೆಲ್ ಸ್ಟಬ್ಸ್ ಕೈಚೀಲದಿಂದ ಟೇಪು ತೆಗೆದು ಆರ್ಬಿಗೆ ಕೊಟ್ಟಳು. ಅವನು ಅದರ ಮೇಲೆ ಬರೆಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ತನ್ನ ಹೆಸರು ಬರೆಯಲಿಲ್ಲ. ಲವೋನಿಯಾ ಎಂದು ಬರೆದು, ತಳಕ್ಕೆ ಅಂಟಿಸಿ, ಚೀಟಿಯನ್ನು ಒಳಗಿಟ್ಟು ಮಿಸ್ ಕೀಟಿಂಗ್ ಕೈಗೆ ಕೊಟ್ಟ.

ವ್ಯಾನು ಹೋದ ಮೇಲಿನ ಗುರುವಾರ ನಾನು ಟಪಾಲು ಮುಗಿಸಿ ಬರುವಾಗ ಆರ್ಬಿಯ ಟ್ರಕ್ಕು ಚರ್ಚಿನ ಸ್ಮಶಾನದ ಹತ್ತಿರ ನಿಂತಿತ್ತು. ಅವನದೇ ಟ್ರಕ್ಕು, ನಾನು ನಂಬರು ನೋಡಿ ಖಚಿತ ಮಾಡಿಕೊಂಡೆ. ಅವನು ಕುಡುಗೋಲು ಹಿಡಿದು ಲವೋನಿಯಾಳ ಕಲ್ಲಿನ ಮುಂದೆ ನಿಂತಿದ್ದ. ಮಣ್ಣು ಇನ್ನೂ ಹಸಿಯಾಗಿ ಕೆಂಪಗಿತ್ತು, ಕತ್ತರಿಸಲು ಅದರ ಮೇಲೆ ಒಂದೆಳೆ ಹುಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಮೊಣಕಾಲೂರಿ, ಪಕ್ಕದ ಸಮಾಧಿಯ ಹುಲ್ಲು ಸವರತೊಡಗಿದ.